ವೆಂಡೆಲ್ ಬಾಚಿಯ ಕೊನೆಯ ಬೂದಿ

ಅಕ್ಟೋಬರ್ ಆರನೆಯ ತಾರೀಖಿನ ಬೆಳಿಗ್ಗೆ, ಕಾಫಿ ಮುಗಿಸಿ, ಮೀಸೆಯ ಎರಡು ತುದಿಗಳನ್ನೂ ಕರವಸ್ತ್ರದಿಂದ ಒತ್ತಿಕೊಂಡು, ಸಿರ್ಮಾಯಿ ಗೆಲೆರ್ಟರು ಅಡುಗೆಮನೆಯ ನಡುವೆ ನಿಂತು ಹೆಂಡತಿಯ ಎದುರು ಒಂದು ಘೋಷಣೆ ಮಾಡಿದರು. ಮಾಕೋ ಪಟ್ಟಣದ ಪೈಪು ಸೇದುವವರ ಮಂಡಳಿಯ ಕಪಾಟಿನಲ್ಲಿ ಮಸಿ ಹಿಡಿದು ಕೂತಿರುವ ಇಪ್ಪತ್ತಮೂರು ಹಳೆಯ ಪೈಪುಗಳನ್ನು ಇನ್ನು ಎರಡೇ ವಾರದಲ್ಲಿ, ಅವು ಅಂಗಡಿಯಿಂದ ಹೊರಬಂದ ದಿನ ಹೇಗಿದ್ದವೋ ಹಾಗೆ ಮಾಡಿ ತೋರಿಸುವುದಾಗಿಯೂ, ಈ ವಿದ್ಯೆಯಲ್ಲಿ ತಮ್ಮನ್ನು ಸರಿಗಟ್ಟುವ ಗಂಡಸು ಮಾರೊಶ್ ನದಿಯ ಎರಡೂ ದಂಡೆಗಳಲ್ಲಿ ಇನ್ನೂ ಹುಟ್ಟಿಲ್ಲವೆಂದೂ ಅವರು ಸಾರಿದರು.

ಎಟೆಲ್ಕಾ ಗಿಡ್ಡ ಕುರ್ಚಿಯ ಮೇಲೆ ಕೂತು ಈರುಳ್ಳಿ ಜಡೆ ಹೆಣೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಹುಟ್ಟಿರ್ತಾನೆ ಬಿಡು. ಅವನ ಹೆಂಡತಿ ಅಡುಗೆಮನೆಗೆ ಸೇರಿಸಿರಲ್ಲ."

ಗೆಲೆರ್ಟರು ಇದನ್ನು ಕೇಳಿಸಿಕೊಳ್ಳಲಿಲ್ಲ. ಮೂವತ್ತನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್ ಆಗಿದ್ದವರಿಗೆ ಬೇಡದ್ದನ್ನು ಕೇಳಿಸಿಕೊಳ್ಳದಿರುವ ಅಭ್ಯಾಸ ಇದ್ದೇ ಇರುತ್ತದೆ. ಅವರ ಮೀಸೆ ಸಂತೆಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಕಟುಕರ ತಕ್ಕಡಿಗಳು ತಾವಾಗಿ ನೆಟ್ಟಗಾಗುತ್ತಿದ್ದವೆಂದು ಊರಿನವರು ಇಂದಿಗೂ ಹೇಳುತ್ತಾರೆ. ನಿವೃತ್ತಿಯಾದ ಮರುತಿಂಗಳು ಹಳೆಯ ಸಾಮಾನಿನ ಅಂಗಡಿಯಲ್ಲಿ, ಯಾರೋ ಕಚ್ಚಿ ಕಚ್ಚಿ ಬಾಯಿ ಸವೆಸಿದ್ದ ಒಂದು ಪೈಪು ಅವರ ಕಣ್ಣಿಗೆ ಬಿತ್ತು. ಅದನ್ನು ಮನೆಗೆ ತಂದು ಕೆರೆದು, ತೊಳೆದು, ತಿಕ್ಕಿ, ಜೇನುಮೇಣ ಹಚ್ಚಿ ಹೊಳೆಯಿಸಿದ ಸಂಜೆ, ಸರ್ಕಾರವು ತಮಗೆ ಅರುವತ್ತು ತುಂಬಿತೆಂಬ ಕ್ಷುಲ್ಲಕ ಕಾರಣಕ್ಕೆ ಎಂಥ ಪ್ರತಿಭೆಯನ್ನು ಕೈಬಿಟ್ಟಿತೆಂಬುದು ಅವರಿಗೆ ಮನವರಿಕೆಯಾಯಿತು.

ಆದರೆ ಪ್ರತಿಭೆಗೂ ನೇತುಹಾಕಿಕೊಳ್ಳಲು ಒಂದು ಗೂಟ ಬೇಕು. ಮಂಡಳಿಯ ಕೋಣೆಯ ಗೋಡೆಯುದ್ದಕ್ಕೂ ಒಂದು ಓಕ್ ಹಲಗೆಯಿತ್ತು. ಪೂರ್ಣ ಸದಸ್ಯನಾದ ಪ್ರತಿಯೊಬ್ಬನಿಗೂ ಅದರಲ್ಲಿ ಒಂದು ಗೂಟ, ಗೂಟದ ಕೆಳಗೆ ಹಿತ್ತಾಳೆಯ ಹೆಸರುಪಟ್ಟಿ, ಗೂಟದ ಮೇಲೆ ಅವನ ಪೈಪು. ಉಮೇದುವಾರ ಸದಸ್ಯನಿಗೆ ಗೂಟವಿಲ್ಲ. ಅವನು ಬಾಗಿಲ ಬಳಿ ಕೂರಬೇಕು. ಬಂದವರ ಕೋಟು ಟೋಪಿ ಈಸಿಕೊಳ್ಳಬೇಕು. ಮಂಡಳಿಯ ಅಂತರಂಗದ ವಿಧಿಗಳು ನಡೆಯುವಾಗ ಕೋಟುಗಳ ಜೊತೆ ಹೊರಗಿನ ಓಣಿಕೋಣೆಯಲ್ಲಿ ನಿಂತಿರಬೇಕು. ಗೆಲೆರ್ಟರು ಹೀಗೆ ಮೂರು ವರ್ಷದಿಂದ ಕೋಟು ಕಾಯುತ್ತಿದ್ದರು.

ವರ್ಷಕ್ಕೊಮ್ಮೆ, ಸ್ಥಾಪಕ ತೀಮಾರ್ ವೆಂಡೆಲ್ ಬಾಚಿಯ ನಾಮದಿನವಾದ, ಎಂದರೆ ಅವರ ಹೆಸರಿನ ಸಂತನ ಹಬ್ಬವಾದ, ಅಕ್ಟೋಬರ್ ಇಪ್ಪತ್ತರಂದು, ಉಮೇದುವಾರರ ಹಣೆಬರಹ ನಿರ್ಧಾರವಾಗುತ್ತಿತ್ತು. (ಆ ಊರಿನಲ್ಲಿ ಹಿರಿಯ ಗಂಡಸರೆಲ್ಲ ಬಾಚಿ, ಹಿರಿಯ ಹೆಂಗಸರೆಲ್ಲ ನೇನಿ.) ಈರುಳ್ಳಿಗೆ ಹೆಸರಾದ ಪಟ್ಟಣವಾದ್ದರಿಂದ ಮಂಡಳಿಯವರು ಮತ ಹಾಕುತ್ತಿದ್ದದ್ದೂ ಈರುಳ್ಳಿಯಲ್ಲೇ. ಅಧ್ಯಕ್ಷರ ಟೋಪಿಯೊಳಗೆ ಬಿಳಿ ಈರುಳ್ಳಿ ಹಾಕಿದರೆ ಒಪ್ಪಿಗೆ, ನೇರಳೆ ಹಾಕಿದರೆ ಇಲ್ಲ. ಹನ್ನೆರಡು ಸದಸ್ಯರಲ್ಲಿ ಒಬ್ಬನೇ ಒಬ್ಬ ನೇರಳೆ ಹಾಕಿದರೂ ಇನ್ನೊಂದು ವರ್ಷ ಕೋಟುಗಳ ಸಹವಾಸ. ಹಿಂದಿನ ವರ್ಷ ಹನ್ನೊಂದು ಬಿಳಿ, ಒಂದು ನೇರಳೆ ಬಿದ್ದಿತ್ತು. ಆ ನೇರಳೆ ಈರುಳ್ಳಿ ದನದ ಡಾಕ್ಟರು ಕಾಲ್ಮಾನರ ಜೇಬಿನಿಂದ ಬಂದದ್ದೆಂದು ಗೆಲೆರ್ಟರಿಗೆ ಬಲವಾದ ಗುಮಾನಿ. ಆ ಮನುಷ್ಯನ ಮನೆಯ ದನ ತೂಗುವ ಯಂತ್ರವನ್ನು ಅವರು ಒಮ್ಮೆ ಜಪ್ತಿ ಮಾಡಿದ್ದರು.

"ಈ ಸಲ ಗೂಟ ಸಿಗದೇ ಹೋದ್ರೆ ಸಾಯೋತನಕ ಕೋಟು ಹಿಡ್ಕೊಂಡೇ ನಿಂತಿರ್ತೀನಿ ನೋಡು" ಎಂದರು ಗೆಲೆರ್ಟರು.

"ಅಲ್ಲಾದ್ರೂ ಹಿಡ್ಕೋತೀಯಲ್ಲ" ಎಂದರು ಎಟೆಲ್ಕಾ. "ಮೂವತ್ತೇಳು ವರ್ಷದಲ್ಲಿ ನಿನ್ನ ಕೋಟನ್ನ ನೀನೇ ನೇತುಹಾಕಿದ್ದು ನಾನು ಕಂಡಿಲ್ಲ."

ಪೈಪುಗಳ ಪೆಟ್ಟಿಗೆಯನ್ನು ಗೆಲೆರ್ಟರ ಕೈಗಿತ್ತವರು ಅಧ್ಯಕ್ಷರಾದ ಬೋಡೋಗ್ ಬಾಚಿ. ಎಪ್ಪತ್ತೊಂಬತ್ತು ವರ್ಷದ ಅವರು ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದವರು; ಅದೇ ಸದ್ದಿನಿಂದ ಕಿವಿ ಅರ್ಧ ಮಂದವಾಗಿತ್ತು. ಪೆಟ್ಟಿಗೆ ಕೊಡುವಾಗ ಅವರು ಗೆಲೆರ್ಟರ ಹೆಗಲು ತಟ್ಟಿ, "ನಿನಗೆ ಹೇಳೋದೇನಿದೆ, ಎಲ್ಲ ಗೊತ್ತಿರೋದೇ" ಎಂದಿದ್ದರು. ಮಂಡಳಿಯಲ್ಲಿ ಯಾರೂ ಯಾರಿಗೂ ಏನನ್ನೂ ಬಿಡಿಸಿ ಹೇಳುವ ಪದ್ಧತಿ ಇರಲಿಲ್ಲ. ಗೊತ್ತಿರುವವರಿಗೆ ಹೇಳುವ ಅಗತ್ಯವಿಲ್ಲ, ಗೊತ್ತಿಲ್ಲದವರು ಹೊರಗೆ ಕೋಟು ಕಾಯುತ್ತಿರುತ್ತಾರೆ. ಈ ಘನವಾದ ಏರ್ಪಾಡಿನಲ್ಲಿ ಒಂದು ಸಣ್ಣ ತೂತು ಇದೆಯೆಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

ಗೆಲೆರ್ಟರ ಕಾರ್ಯಕ್ರಮ ಇಲಾಖೆಯ ತಪಾಸಣೆಯಷ್ಟೇ ಕಟ್ಟುನಿಟ್ಟಾದದ್ದು. ಪ್ರತಿ ಪೈಪಿಗೆ ನೋಟ್‌ಬುಕ್ಕಿನಲ್ಲಿ ಒಂದು ಪುಟ. ಮೊದಲು ತೂಕ. ಆಮೇಲೆ ಕೊಳವೆಯನ್ನು ಬಟ್ಟಲಿನಿಂದ ತಿರುಗಿಸಿ ಬಿಚ್ಚುವುದು. ಬಟ್ಟಲಿನೊಳಗೆ ವರ್ಷಗಟ್ಟಲೆ ಕಟ್ಟಿದ ಮಸಿಯ ಪದರವನ್ನು ಮೊಂಡು ಚಾಕುವಿನಿಂದ ಕೆರೆದು, ಕಾಗದದ ಮೇಲೆ ಸುರಿದು, ಅದನ್ನೂ ತೂಗುವುದು. ಕೊಳವೆಯೊಳಗೆ ದಾರ ಸುತ್ತಿದ ತಂತಿಯನ್ನು ಪ್ಲಮ್ ಹಣ್ಣಿನ ಸಾರಾಯಿಯಲ್ಲಿ ಅದ್ದಿ ಆಡಿಸುವುದು. ತಂತಿ ಕಪ್ಪಾಗಿ ಬರುವುದು ನಿಂತು ಬಿಳಿಯಾಗಿ ಬರುವವರೆಗೆ ಬಿಡುವಿಲ್ಲ. ಬಟ್ಟಲಿಗೆ ಕಲ್ಲುಪ್ಪು ತುಂಬಿ, ಮೇಲೆ ಸಾರಾಯಿ ತೊಟ್ಟಿಕ್ಕಿಸಿ, ಒಂದು ಇಡೀ ದಿನ ಬಿಟ್ಟರೆ, ಮರದೊಳಗೆ ಇಂಗಿದ ಹಳೆಯ ಹೊಗೆಯ ಕಹಿಯೆಲ್ಲ ಉಪ್ಪಿಗೆ ಇಳಿದು ಉಪ್ಪು ಕಂದುಬಣ್ಣಕ್ಕೆ ತಿರುಗುತ್ತದೆ. ಹಳದಿಗಟ್ಟಿದ ಬಾಯಿಕೊಳವೆಗೆ ಉಪ್ಪುಕಾಗದ, ಅದರ ಮೇಲೆ ಹಲ್ಲುಜ್ಜುವ ಪೇಸ್ಟು, ಕೊನೆಯಲ್ಲಿ ಇಡೀ ಪೈಪಿಗೆ ಜೇನುಮೇಣ. ಈ ಕಾರ್ಯಕ್ಕೆ ಎಟೆಲ್ಕಾಳ ತಮ್ಮ ಕೊಟ್ಟಿದ್ದ ಮೂರು ಬಾಟಲಿ ಸಾರಾಯಿ, ಅಡುಗೆಮನೆಯ ಉಪ್ಪು, ಹಲ್ಲುಜ್ಜುವ ನಾಲ್ಕು ಬ್ರಷ್ಷುಗಳು ಬಲಿಯಾದವು. ನಾಲ್ಕರಲ್ಲಿ ಒಂದು ತಮ್ಮದೆಂಬುದು ಎಟೆಲ್ಕಾಗೆ ಗೊತ್ತಾದದ್ದು ಬ್ರಷ್ಷು ಬಾಯಿಗೆ ಹೋದ ಮೇಲೆ. ಆ ಬೆಳಗಿನ ಸಂಭಾಷಣೆಯನ್ನು ಇಲ್ಲಿ ಬರೆಯದಿರುವುದು ಒಳ್ಳೆಯದು.

ಇಪ್ಪತ್ತಮೂರನೆಯದು ಪೆಟ್ಟಿಗೆಯ ತಳದಲ್ಲಿ, ಮಖಮಲ್ಲಿನ ಚೀಲದಲ್ಲಿತ್ತು. ಬೆಳ್ಳಿಯ ಮುಚ್ಚಳವಿದ್ದ ದಪ್ಪ ಬಟ್ಟಲು. ಮುಚ್ಚಳಕ್ಕೆ ಕೆಂಪು, ಬಿಳಿ, ಹಸಿರಿನ ಒಂದು ರಿಬ್ಬನ್ನು ಕಟ್ಟಿತ್ತು. ಬೆಳ್ಳಿಯ ಮೇಲೆ ವೆಂಡೆಲ್ ಬಾಚಿಯ ಹೆಸರು ಕೆತ್ತಿತ್ತು. ಗೆಲೆರ್ಟರು ರಿಬ್ಬನ್ನು ಬಿಚ್ಚಿ ಮುಚ್ಚಳ ತೆಗೆದು ನೋಡಿದರೆ, ಬಟ್ಟಲಿನ ಅರ್ಧದಷ್ಟು ಗಟ್ಟಿಯಾದ ಹಳೆಯ ಬೂದಿ.

ಅವರ ಎದೆ ನೊಂದಿತು. ಸ್ಥಾಪಕರ ಪೈಪು, ಅದರಲ್ಲಿ ಯಾವನೋ ಸೋಮಾರಿ ಬಿಟ್ಟುಹೋದ ಬೂದಿ! ಇಪ್ಪತ್ತೆರಡು ಪೈಪುಗಳನ್ನು ದಿನಕ್ಕೆ ಮೂರು ನಾಲ್ಕರಂತೆ ಮುಗಿಸಿದ್ದರೆ ಇದೊಂದಕ್ಕೆ ಎರಡು ದಿನ ಕೊಟ್ಟರು. ಬೂದಿಯನ್ನು ಕಾಗದಕ್ಕೆ ಸುರಿದು ತೂಗಿದರು: ಒಂದೂಕಾಲು ಗ್ರಾಂ. ಉಪ್ಪು ಸಾರಾಯಿ ತುಂಬಿ ಮರುದಿನ ನೋಡಿದರೆ ಉಪ್ಪು ಹಾಕಿದಾಗ ಎಷ್ಟು ಬಿಳಿಯಾಗಿತ್ತೋ ಅಷ್ಟೇ ಬಿಳಿಯಾಗಿತ್ತು. ಇದನ್ನು ಅವರು ತಮ್ಮ ಕೈಚಳಕದ ಶಿಖರವೆಂದು ನೋಟ್‌ಬುಕ್ಕಿನಲ್ಲಿ ದಾಖಲಿಸಿದರು. ರಿಬ್ಬನ್ನನ್ನೂ ಬಿಡಲಿಲ್ಲ, ಒಗೆದು, ಎಟೆಲ್ಕಾಳಿಂದ ಇಸ್ತ್ರಿ ಹಾಕಿಸಿದರು.

ಹದಿನಾರನೆಯ ತಾರೀಖು, ನಾಮದಿನಕ್ಕೆ ನಾಲ್ಕು ದಿನ ಇರುವಾಗ, ಅವರು ಗಡ್ಡ ಹೆರೆಸಿಕೊಳ್ಳಲು ಓಡೋನನ ಅಂಗಡಿಗೆ ಹೋದರು. ಓಡೋನ್ ಮಂಡಳಿಯ ಪೂರ್ಣ ಸದಸ್ಯ. ಅವನದು ಕಿಟಕಿಯ ಪಕ್ಕದ ಗೂಟ. ಗೆಲೆರ್ಟರ ಗಂಟಲಿಗೆ ನೊರೆ ಹಚ್ಚಿ, ಕತ್ತಿ ಮಸೆದು, ಕುತ್ತಿಗೆಯ ಹತ್ತಿರ ತಂದು ಅವನು ಕೇಳಿದ:

"ಎಲ್ಲ ಮುಗೀತಂತಾ?"

ಇಪ್ಪತ್ತಮೂರೂ ಮುಗಿಯಿತೆಂದು ಗೆಲೆರ್ಟರು ಮೂಗಿನಿಂದ ಹೇಳಿದರು.

"ಇಪ್ಪತ್ತೆರಡು ಅನ್ನು. ವೆಂಡೆಲ್ ಬಾಚೀದು ಮೇಲಿಂದ ಧೂಳು ಒರೆಸಿರ್ತೀಯ, ಅಷ್ಟೇ. ಅದರೊಳಗಿರೋದು ಅವರ ಕೊನೇ ಬೂದಿ ಅಲ್ವಾ. ಅರ್ಧ ಸೇದಿ ಪಕ್ಕಕ್ಕಿಟ್ಟು, ಉಳಿದದ್ದು ಊಟ ಆದ್ಮೇಲೆ ಅಂದ್ರಂತೆ. ಊಟಕ್ಕೆ ಏಳಲೇ ಇಲ್ಲ ಪುಣ್ಯಾತ್ಮ. ಇಪ್ಪತ್ತೆರಡು ವರ್ಷ ಆಯ್ತು. ನಾಮದಿನಕ್ಕೆ ಬಾಗಿಲು ಹಾಕ್ಕೊಂಡು ಒಬ್ಬೊಬ್ರೇ ಮುಚ್ಚಳ ತೆಗೆದು ಮೂಸಿ ಮುಂದಕ್ಕೆ ಕೊಡ್ತೀವಿ. ಈ ವರ್ಷ ನಿನ್ನನ್ನೂ ಒಳಗೆ ಬಿಡ್ತಾರಂತೆ, ಅಷ್ಟು ಕೆಲಸ ಮಾಡಿದೀಯ ಅಂತ." ಕತ್ತಿ ನಿಂತಿತು. "ನುಂಗಬೇಡ ಗೆಲೆರ್ಟ್. ಗಂಟಲು ಆಡಿದ್ರೆ ಕತ್ತಿ ಆಡುತ್ತೆ."

ಅವರು ನುಂಗಲಿಲ್ಲ. ಉಸಿರಾಡಿದರೋ ಇಲ್ಲವೋ ಎಂಬುದರ ಬಗ್ಗೆಯೂ ಅವರಿಗೆ ಖಾತ್ರಿಯಿಲ್ಲ. ಅರ್ಧ ಮುಖ ಹೆರೆದದ್ದಷ್ಟೇ ನೆನಪು. ಮನೆಗೆ ಬಂದಾಗ ಒಂದು ಕೆನ್ನೆಯ ಮೇಲೆ ನೊರೆ ಹಾಗೇ ಒಣಗಿತ್ತು.

"ಎಟೆಲ್ಕಾ, ಆ ಕೊನೇ ಕಾಗದದಲ್ಲಿದ್ದ ಬೂದಿ ಎಲ್ಲಿ?"

"ಬೆಳ್ಳುಳ್ಳಿ ಪಾತಿಗೆ ಹಾಕ್ದೆ. ಯಾಕೆ?"

ಗೆಲೆರ್ಟರು ಕಿಟಕಿಯಿಂದ ಹಿತ್ತಲಿನ ಕಡೆ ನೋಡಿದರು. ಎರಡು ದಿನ ಮಳೆ ಬಂದಿತ್ತು. ಬೆಳ್ಳುಳ್ಳಿ ಪಾತಿ ಎಂದಿಗಿಂತ ಲವಲವಿಕೆಯಿಂದಿತ್ತು. ಮಾಕೋ ಪೈಪು ಮಂಡಳಿಯ ಪೂಜ್ಯ ಸ್ಥಾಪಕರು ಈಗ ಆ ಪಾತಿಯಲ್ಲಿ ಹಂಚಿಹೋಗಿದ್ದಾರೆಂದು ಅವರು ಹೆಂಡತಿಗೆ ವಿವರಿಸಬೇಕಾಯಿತು.

ಎಟೆಲ್ಕಾ ಮೊದಲು ನಕ್ಕರು. ಗಂಡನ ಮುಖ ನೋಡಿ ನಿಲ್ಲಿಸಿದರು. ಆಮೇಲೆ ತಡೆಯಲಾಗದೆ ಮತ್ತೆ ನಕ್ಕರು. ಹೋಗಿ ನಿಜ ಹೇಳಿಬಿಡು ಎಂದರು. ನಿಜ ಹೇಳಿದರೆ ಗೂಟ ಹೋಗುವುದಿರಲಿ, ಹನ್ನೆರಡು ನೇರಳೆ ಈರುಳ್ಳಿಗಳನ್ನು ತಲೆಯ ಮೇಲೆಯೇ ಹಾಕುತ್ತಾರೆ ಎಂದರು ಗೆಲೆರ್ಟರು. ಒಂದೇ ದಾರಿಯಿತ್ತು. ಬೇರೆ ಹೊಗೆಸೊಪ್ಪು ತುಂಬಿ, ಅರ್ಧ ಸೇದಿ, ಅದೇ ವಾಸನೆಯ ಅಷ್ಟೇ ಬೂದಿಯನ್ನು ಉತ್ಪಾದಿಸುವುದು. ತೂಕ ಗೊತ್ತಿತ್ತು. ವಾಸನೆ ಗೊತ್ತಿರಲಿಲ್ಲ, ಮೂಸುವ ಹೊತ್ತಿನಲ್ಲೆಲ್ಲ ಅವರು ಓಣಿಕೋಣೆಯಲ್ಲಿ ಕೋಟುಗಳನ್ನು ಮೂಸುತ್ತಿದ್ದರು.

"ಹೆರ್ಮಿನಾ ನೇನಿಯನ್ನೇ ಕೇಳಬಾರದಾ?" ಎಂದರು ಎಟೆಲ್ಕಾ. "ನಲವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದವಳು."

"ಏನಂತ ಕೇಳಲಿ? ನಿಮ್ಮ ಗಂಡನ್ನ ಬೆಳ್ಳುಳ್ಳಿಗೆ ಗೊಬ್ಬರ ಹಾಕಿದೀನಿ, ಅವರ ವಾಸನೆ ಹೆಂಗಿತ್ತು ಅಂತಾನಾ?"

ಹೀಗೆ ಅವರು ಹೆರ್ಮಿನಾ ನೇನಿಯೊಬ್ಬರನ್ನು ಬಿಟ್ಟು ಉಳಿದವರ ಬಳಿಗೆ ಹೋದರು. ಮಂಡಳಿಯ ಚರಿತ್ರೆಗಾಗಿ ನೆನಪುಗಳನ್ನು ಸಂಗ್ರಹಿಸುತ್ತಿದ್ದೇನೆ ಎಂಬ ನೆಪ. ಕೈಯಲ್ಲಿ ನೋಟ್‌ಬುಕ್ಕು, ಹೊಸ ಪುಟ, ಹೊಸ ಶೀರ್ಷಿಕೆ. ಬೋಡೋಗ್ ಬಾಚಿ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿ, ಆ ಬೂದಿಗೆ ಧೂಪದ ಪರಿಮಳವಿದೆ, ಒಳಗೊಳಗೆ ಉರಿದು ಆರಿದ ಮೇಣದಬತ್ತಿಯೂ ಇದೆ ಎಂದರು. ಇಗರ್ಜಿಯ ಮಾಳಿಗೆಯಲ್ಲಿ ಆರ್ಗನ್ ಮುಂದೆ ಕೂತಂತೆಯೇ ಆಗುತ್ತದೆಯಂತೆ. ಕಾಲ್ಮಾನರು ಕೊಟ್ಟಿಗೆಯಲ್ಲಿ ಒಂದು ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಅರದಿಂದ ಕೆರೆಯುತ್ತಿದ್ದರು. ಅದರಲ್ಲಿ ಸಂದೇಹವೇ ಇಲ್ಲ, ನೆನೆದ ಜೀನಿನ ಚರ್ಮದ ವಾಸನೆ ಎಂದರು. ಓಡೋನಂತೂ ಪ್ರಶ್ನೆ ಮುಗಿಯುವ ಮೊದಲೇ ಲ್ಯಾವೆಂಡರ್ ಎಂದುಬಿಟ್ಟ. ಇನ್ನರ್ಧ ಗಡ್ಡ ಹೆರೆಯುತ್ತಾ, ಒಳ್ಳೆಯ ಲ್ಯಾವೆಂಡರ್ ನೀರು, ಈಗಿನ ಕಾಲದ ಅಗ್ಗದ್ದಲ್ಲ, ಎಂದೂ ಸೇರಿಸಿದ.

ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಕೈಚೆಲ್ಲುತ್ತಿದ್ದರು. ಆದರೆ ಮೂರು ತಕ್ಕಡಿಗಳು ಮೂರು ತೂಕ ತೋರಿಸಿದರೆ ಏನು ಮಾಡಬೇಕೆಂದು ಇಲಾಖೆಯ ಕೈಪಿಡಿಯಲ್ಲಿ ಇದೆ: ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಬೇಕು. ಗೆಲೆರ್ಟರು ಇಗರ್ಜಿಯಿಂದ ಒಂದು ಚಿಟಿಕೆ ಧೂಪ ತಂದರು. ಅಟ್ಟದಲ್ಲಿದ್ದ ಮಾವನ ಕಾಲದ ಜೀನಿನಿಂದ ಚರ್ಮದ ಪುಡಿ ಕೆರೆದರು. ಓಡೋನನಲ್ಲಿ ಒಂದು ಸೀಸೆ ಲ್ಯಾವೆಂಡರ್ ನೀರು ಕೊಂಡರು. ಹೊಗೆಸೊಪ್ಪಿನ ಜೊತೆ ಎಲ್ಲವನ್ನೂ ಸಮಭಾಗ ತೂಗಿ, ಲ್ಯಾವೆಂಡರ್ ನೀರಿನಲ್ಲಿ ಚೆನ್ನಾಗಿ ನೆನೆಸಿ, ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಗಂಭೀರವಾಗಿ ಕೂತು ಬೆಂಕಿಕಡ್ಡಿ ಗೀರಿದರು.

ಲ್ಯಾವೆಂಡರ್ ನೀರಿನಲ್ಲಿ ಮುಕ್ಕಾಲು ಪಾಲು ಮದ್ಯಸಾರವೇ ಇರುತ್ತದೆ ಎಂಬುದು ತೂಕ ಮತ್ತು ಅಳತೆ ಇಲಾಖೆಯವರಿಗೆ ಗೊತ್ತಿರಬೇಕಾದ ವಿಷಯ. ನೀಲಿ ಜ್ವಾಲೆಯೊಂದು ಬಟ್ಟಲಿನಿಂದ ಎದ್ದು, ಅತ್ತಿತ್ತ ನೋಡಿ, ಹತ್ತಿರದಲ್ಲಿದ್ದ ಅತ್ಯಂತ ಘನವಾದ ವಸ್ತುವನ್ನು ಆರಿಸಿಕೊಂಡಿತು. ಸಂತೆಯ ತಕ್ಕಡಿಗಳನ್ನು ನಡುಗಿಸಿದ್ದ ಮೀಸೆಯ ಎಡಭಾಗ ಚಟಪಟ ಎಂದಿತು. ಎಟೆಲ್ಕಾ ಹಿಂದುಮುಂದು ನೋಡಲಿಲ್ಲ. ಒಲೆಯ ಪಕ್ಕದಲ್ಲಿ ಆರುತ್ತಿದ್ದ ಮೀನಿನ ಸಾರಿನ ಪಾತ್ರೆಯನ್ನೇ ಎತ್ತಿ ಗಂಡನ ಮುಖಕ್ಕೆ ಸುರಿದರು.

ಮುಖವೆಲ್ಲ ಕೆಂಪು ಮೆಣಸಿನ ಸಾರು ಇಳಿಯುತ್ತಾ ಇರುವಾಗ ಗೆಲೆರ್ಟರು ಕೇಳಿದ ಮೊದಲ ಪ್ರಶ್ನೆ, "ಬೂದಿ ನೆನೀತಾ?"

"ಮೀಸೆ ಹೋಯ್ತು ಕಣೋ."

"ಮೀಸೆ ಬೆಳೆಯುತ್ತೆ. ಬೂದಿ ನೆನೀತಾ ಹೇಳು."

ನೆನೆದಿತ್ತು. ಎರಡನೆಯ ಪ್ರಯತ್ನವನ್ನು ಅವರು ಸಾರಿನಲ್ಲಿ ನೆನೆದ ಅದೇ ಮಿಶ್ರಣವನ್ನು ಒಣಗಿಸಿ, ಕಿಟಕಿಗಳನ್ನೆಲ್ಲ ತೆರೆದು, ಬಕೆಟ್ಟಿನಲ್ಲಿ ನೀರಿಟ್ಟುಕೊಂಡು ಮಾಡಿದರು. ಸುಟ್ಟ ಜೀನಿನ ಹೊಗೆ ಎಂಥದೆಂದು ತಿಳಿಯಬೇಕಾದರೆ ಅದನ್ನು ಸೇದಿಯೇ ತಿಳಿಯಬೇಕು. ಗೆಲೆರ್ಟರು ಸೇದಿದರು, ಕೆಮ್ಮಿದರು, ಹಸಿರಾದರು, ಮತ್ತೆ ಸೇದಿದರು. ಪಕ್ಕದ ಮನೆಯವಳು ಬೇಲಿಯ ಮೇಲಿಂದ ಯಾವ ಪ್ರಾಣಿ ಸತ್ತಿದೆಯೆಂದು ವಿಚಾರಿಸಿದಳು. ಎಟೆಲ್ಕಾ ಒಂದು ವಾರ ಕೂತು ಹೆಣೆದಿದ್ದ ನಲವತ್ತು ಈರುಳ್ಳಿ ಜಡೆಗಳು ಆ ಹೊಗೆಯನ್ನೆಲ್ಲ ಭಕ್ತಿಯಿಂದ ಹೀರಿಕೊಂಡವು. ಆ ಚಳಿಗಾಲದಲ್ಲಿ ಅವರ ನೆಂಟರಿಷ್ಟರೆಲ್ಲ ತಿಂದ ಪ್ರತಿ ಸಾರಿನಲ್ಲೂ ಇಗರ್ಜಿ, ಕುದುರೆಲಾಯ ಮತ್ತು ಕ್ಷೌರದಂಗಡಿ ಒಟ್ಟಿಗೆ ಇದ್ದವು. ಕೊನೆಗೆ ಬೂದಿ ತಯಾರಾಯಿತು. ತೂಗಿದರೆ ಒಂದೂಕಾಲು ಗ್ರಾಂ, ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

ಉಳಿದರ್ಧ ಮೀಸೆಯನ್ನು ಓಡೋನ್ ತೆಗೆದ. ಕಾರಣ ಕೇಳಿದ್ದಕ್ಕೆ ಗೆಲೆರ್ಟರು ಬಾಯಿಗೆ ಬಂದದ್ದನ್ನು ಹೇಳಿದರು: ವೆಂಡೆಲ್ ಬಾಚಿಯ ಗೌರವಕ್ಕಾಗಿ. ಸಂಜೆಯೊಳಗೆ ಆ ಸುದ್ದಿ ಊರೆಲ್ಲ ಹಬ್ಬಿತು. ಮರುದಿನ ಕಾಲ್ಮಾನರು ರಸ್ತೆಯ ಆ ಬದಿಯಿಂದ ಟೋಪಿ ತೆಗೆದು ನಮಸ್ಕರಿಸಿದರು. ಇದು ಹಿಂದೆಂದೂ ಆಗಿರಲಿಲ್ಲ.

ಇಪ್ಪತ್ತರ ಸಂಜೆ ನಾಲ್ಕು ಗಂಟೆಗೆ, ಹಳೆಯ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ವೆಂಡೆಲ್ ಬಾಚಿ ತಮ್ಮ ಅಂಗಡಿ ನಡೆಸುತ್ತಿದ್ದ ಕಾಲದಿಂದಲೂ ಮಂಡಳಿ ಸೇರುವ ಆ ಕೋಣೆಯಲ್ಲಿ, ಇಪ್ಪತ್ತಮೂರು ಪೈಪುಗಳು ಬಿಳಿ ಬಟ್ಟೆಯ ಮೇಲೆ ಸಾಲಾಗಿ ಹೊಳೆಯುತ್ತಿದ್ದವು. ಹೆರ್ಮಿನಾ ನೇನಿ ಎಂದಿನಂತೆ ಕಪ್ಪು ಉಡುಪಿನಲ್ಲಿ, ಅಧ್ಯಕ್ಷರ ಬಲಕ್ಕೆ, ಒಬ್ಬರೇ ಹೆಂಗಸಾಗಿ ಕೂತಿದ್ದರು. ಎಟೆಲ್ಕಾ ಹೊರಗಿನ ಓಣಿಕೋಣೆಯಲ್ಲಿ ಒಂದು ಬುಟ್ಟಿ ಉಪ್ಪಿನ ಬಿಸ್ಕತ್ತು ಹಿಡಿದುಕೊಂಡು ಕಾಯುತ್ತಿದ್ದರು. ಅಂದು ಕೋಟು ಕಾಯುವ ಸರದಿಯೂ ಅವರಿಗೇ ಬಂದಿತ್ತು. ಗೆಲೆರ್ಟರು ಮೊತ್ತಮೊದಲ ಬಾರಿಗೆ ಮುಚ್ಚಿದ ಬಾಗಿಲಿನ ಒಳಗಡೆ ನಿಂತಿದ್ದರು. ಮೀಸೆಯಿಲ್ಲದ ತುಟಿಯ ಮೇಲೆ ಗಾಳಿ ಆಡಿದಾಗಲೆಲ್ಲ ಬತ್ತಲೆ ನಿಂತಂತೆ ಅನಿಸುತ್ತಿತ್ತು.

ಬೋಡೋಗ್ ಬಾಚಿ ರಿಬ್ಬನ್ನು ಬಿಚ್ಚಿ, ಬೆಳ್ಳಿಯ ಮುಚ್ಚಳ ತೆರೆದು, ಮೂಗು ಹತ್ತಿರ ತಂದರು.

"ಧೂಪ" ಎಂದರು ಬೋಡೋಗ್ ಬಾಚಿ, ಕಣ್ಣು ಮುಚ್ಚಿಕೊಂಡೇ. "ಈ ವರ್ಷ ಇನ್ನೂ ಸ್ಪಷ್ಟ. ದಿನ ಕಳೆದ ಹಾಗೆ ವೆಂಡೆಲ್ ಹತ್ತಿರ ಬರ್ತಿದಾನೆ."

ಕಾಲ್ಮಾನರು ಮೂಸಿ ತಲೆ ತಗ್ಗಿಸಿದರು. ಜೀನು ಎಂದರು. ಓಡೋನ್ ಅರ್ಥಪೂರ್ಣವಾಗಿ ತಲೆದೂಗಿದ. ಬೇಕರಿಯವನು ಅದರಲ್ಲಿ ಹೊಸ ಬ್ರೆಡ್ಡಿನ ವಾಸನೆ ಕಂಡ. ರೈಲ್ವೆಯಲ್ಲಿದ್ದವನಿಗೆ ಕಲ್ಲಿದ್ದಲು. ಬೆಸ್ತನೊಬ್ಬನಿಗೆ, ಇದು ಹಿಂದೆಂದೂ ಗಮನಕ್ಕೆ ಬಂದ ಹಾಗಿಲ್ಲ, ಮೀನಿನ ಸಾರು. ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳದೆ, ಬೂದಿಯಲ್ಲಿ ಇದ್ದದ್ದನ್ನೇ ಮೂಸಿದವನು ಅಂದು ಬಹುಶಃ ಅವನೊಬ್ಬನೇ.

ಗೆಲೆರ್ಟರಿಗೆ ಗೂಟ ಎದುರಿಗೇ ಕಾಣುತ್ತಿತ್ತು. ಹದಿಮೂರನೆಯದು, ಖಾಲಿ, ಹೊಸದಾಗಿ ವಾರ್ನಿಷ್ ಹಚ್ಚಿದ್ದು. ಬಾಯಿ ಮುಚ್ಚಿಕೊಂಡಿದ್ದರೆ ಸಾಕಾಗಿತ್ತು. ಆದರೆ ಪೈಪು ಕೊನೆಗೆ ಹೆರ್ಮಿನಾ ನೇನಿಯ ಕೈಗೆ ಬಂತು. ಆಕೆ ಅದನ್ನು ಮೂಸಲಿಲ್ಲ. ಎಂಬತ್ತು ದಾಟಿದ ಆ ಹೆಂಗಸು ಬಟ್ಟಲನ್ನು ಎರಡು ಅಂಗೈಗಳಲ್ಲಿ ಹಿಡಿದು, ಮೆಲ್ಲಗೆ ಕೆನ್ನೆಗೆ ಒತ್ತಿಕೊಂಡು ಕೂತರು. ಕಟುಕರ ಕಣ್ಣೀರಿಗೆ ಕರಗದ ಇನ್ಸ್‌ಪೆಕ್ಟರಿಗೆ ಅದನ್ನು ನೋಡುತ್ತ ನಿಂತಿರಲು ಆಗಲಿಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದರು.

"ಸ್ನೇಹಿತರೇ, ನಿಜ ಹೇಳಿಬಿಡ್ತೀನಿ. ಅದರಲ್ಲಿರೋದು ವೆಂಡೆಲ್ ಬಾಚಿಯ ಬೂದಿ ಅಲ್ಲ. ನನ್ನದು. ನಾನು ಸೇದಿದ್ದು."

ಬೋಡೋಗ್ ಬಾಚಿ ಕಿವಿಯ ಹಿಂದೆ ಕೈ ಇಟ್ಟುಕೊಂಡು, ಏನೆಂದನೆಂದು ಪಕ್ಕದವರನ್ನು ಕೇಳಿದರು. ಕಾಲ್ಮಾನರು ಎದ್ದು ನಿಂತರು. ಇನ್ನೇನು ಬಿತ್ತು ಎಂದುಕೊಂಡರು ಗೆಲೆರ್ಟರು. ಕಾಲ್ಮಾನರು ಬಂದು ಗೆಲೆರ್ಟರ ಕೈ ಹಿಡಿದುಕೊಂಡರು.

"ಸರಿಯಾಗಿ ಹೇಳಿದೆ ಮಾರಾಯ. ಆ ಬೂದಿ ಅವರೊಬ್ಬರದಲ್ಲ. ನಿನ್ನದು, ನನ್ನದು, ನಮ್ಮೆಲ್ಲರದು. ನಾವೆಲ್ಲ ಸೇರಿ ಸೇದಿದ್ದು."

ಚಪ್ಪಾಳೆ ಬಿತ್ತು. ಗೆಲೆರ್ಟರು ಎರಡು ಕೈಗಳನ್ನೂ ಎತ್ತಿ, ಅಲ್ಲ, ಹಾಗಲ್ಲ, ತಾನು ಪೈಪು ತೊಳೆದೆನೆಂದೂ, ಬೂದಿ ಬೆಳ್ಳುಳ್ಳಿ ಪಾತಿಗೆ ಹೋಯಿತೆಂದೂ ಕೂಗಿ ಹೇಳಿದರು. ಚಪ್ಪಾಳೆ ಹೆಚ್ಚಾಯಿತು. ಮಣ್ಣಿನಿಂದ ಬಂದವರು ಮಣ್ಣಿಗೇ ಹೋಗಬೇಕು ಎಂದು ಬೋಡೋಗ್ ಬಾಚಿ ತಮಗೆ ಕೇಳಿಸಿದಷ್ಟಕ್ಕೆ ಅರ್ಥ ಹಚ್ಚಿದರು. ಈ ಮಂಡಳಿಯಲ್ಲಿ ಇಷ್ಟು ವರ್ಷ ಇಂಥ ಮಾತು ಆಡಬಲ್ಲವನನ್ನು ಕೋಟು ಕಾಯಲು ಬಿಟ್ಟಿದ್ದೆವಲ್ಲ ಎಂದು ಪಶ್ಚಾತ್ತಾಪಪಟ್ಟರು. ಟೋಪಿ ತಿರುಗಿತು. ಹನ್ನೆರಡು ಈರುಳ್ಳಿ, ಹನ್ನೆರಡೂ ಬಿಳಿ.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಉತ್ಸಾಹದಲ್ಲಿ ಸಭೆ ಎರಡು ನಿರ್ಣಯಗಳನ್ನು ಅಂಗೀಕರಿಸಿತು. ಮೊದಲನೆಯದು, ಸ್ಥಾಪಕರ ಬೂದಿಯನ್ನು ಇನ್ನು ಮುಂದೆ ಯಾರೂ, ಯಾವ ಕಾರಣಕ್ಕೂ, ಅಲುಗಿಸಕೂಡದು, ತೊಳೆಯಕೂಡದು. ಎರಡನೆಯದು, ಅದರ ಆಜೀವ ಪಾಲಕರು ಸಿರ್ಮಾಯಿ ಗೆಲೆರ್ಟ್. ಮುಂದಿನ ನಾಮದಿನದವರೆಗೆ ಪೈಪು ಅವರ ಮನೆಯಲ್ಲೇ ಇರತಕ್ಕದ್ದು. ಹೊಸ ಗೂಟದ ಮೇಲೆ ಬಲಗೈ ಇಟ್ಟು ಅವರು ಪ್ರಮಾಣ ಮಾಡಿದರು. ವಾರ್ನಿಷ್ ಇನ್ನೂ ಒಣಗಿರಲಿಲ್ಲ.

ಎಟೆಲ್ಕಾ ಬುಟ್ಟಿಯನ್ನು ಒಳಗೆ ತಂದು ಎಲ್ಲರೂ ಬಿಸ್ಕತ್ತಿಗೆ ಮುತ್ತಿಕೊಂಡಾಗ, ಮೂರು ವರ್ಷದ ಅಭ್ಯಾಸಬಲದಿಂದ, ಗೆಲೆರ್ಟರು ಹೆರ್ಮಿನಾ ನೇನಿಯ ಕೋಟು ತರಲು ಓಣಿಕೋಣೆಗೆ ಹೋದರು. ಹಿಂದೆಯೇ ಬಂದು ಕೋಟಿಗೆ ತೋಳು ತೂರಿಸಿಕೊಳ್ಳುತ್ತಾ ನೇನಿ ತಗ್ಗಿದ ದನಿಯಲ್ಲಿ ಕೇಳಿದರು:

"ಅದಕ್ಕೆ ಹೊಗೆಸೊಪ್ಪು ಹಾಕಿದ್ದು ನೀನೇ ತಾನೇ, ಮಗು?"

ಈ ಊರಿನಲ್ಲಿ ತನ್ನ ಮಾತನ್ನು ಕೇಳಿದ ಪ್ರಾಣಿ ಒಂದಾದರೂ ಇದೆಯಲ್ಲ ಎಂದು ಗೆಲೆರ್ಟರಿಗೆ ಅಳು ಬಂತು. ಎಲ್ಲವನ್ನೂ ಹೇಳಿದರು. ಮುಚ್ಚಳ, ಉಪ್ಪು, ಸಾರಾಯಿ, ಬೆಳ್ಳುಳ್ಳಿ, ಧೂಪ, ಜೀನು, ಮೀಸೆ. ಕ್ಷಮೆ ಕೇಳಿದರು. ನೇನಿ ಗುಂಡಿ ಹಾಕಿಕೊಳ್ಳುತ್ತಾ ಕೇಳಿಸಿಕೊಂಡರು.

"ಅವರಿಗೆ ಹೊಗೆ ಅಂದ್ರೆ ಆಗ್ತಿರಲಿಲ್ಲ ಕಣಪ್ಪ. ಒಂದು ದಿನ ಹಚ್ಚಲಿಲ್ಲ ಅದನ್ನ. ಸಭೇಲಿ ಮಾತಾಡೋದು ತಪ್ಪುತ್ತೆ ಅಂತ ಸುಮ್ನೆ ಹಲ್ಲಲ್ಲಿ ಕಚ್ಕೊಂಡು ಕೂರೋರು. ಹೋದ ದಿನ ಈ ಗಂಡಸರೆಲ್ಲ ಅಳ್ತಾ ಮನೆಗೆ ಬಂದ್ರು, ಕೊನೇದಾಗಿ ಸೇದಿದ್ದು ಇದರಲ್ಲಿ ಉಳಿದಿದೆಯಾ ನೇನಿ ಅಂತ. ಅಷ್ಟು ಆಸೆ ಇಟ್ಕೊಂಡು ಬಂದೋರಿಗೆ ಖಾಲಿ ಪೈಪು ಹೇಗೆ ಕೊಡೋದು? ಒಳಗೆ ಹೋಗಿ ಒಲೆಯಿಂದ ಒಂದು ಚಮಚ ಬೂದಿ ತುಂಬಿ ಕೊಟ್ಟೆ."

ಗೆಲೆರ್ಟರು ಗೋಡೆಗೆ ಒರಗಿದರು. ಒಳಗಿನಿಂದ ಕಾಲ್ಮಾನರ ಹಾಡು ಕೇಳಿಸುತ್ತಿತ್ತು.

"ಈಗ ಕೆನ್ನೆಗೆ ಇಟ್ಕೊಂಡ್ರೆ ನಾತ ಕಣಪ್ಪ" ಎಂದರು ನೇನಿ. "ಅವರಿದ್ದಿದ್ರೆ ತಲೆ ತಿರುಗಿ ಬೀಳೋರು. ಮುಂದಿನ ನಾಮದಿನಕ್ಕೆ ನಾನು ಇರ್ತೀನೋ ಇಲ್ವೋ, ಅಷ್ಟರಲ್ಲಿ ಅದನ್ನ ಮೊದಲಿನ ಹಾಗೆ ಮಾಡಿಕೊಡು. ನಿನ್ನ ಕೈಲಿ ಆಗುತ್ತೆ ಅಂತಾರೆ ಎಲ್ಲರೂ."

ಹತ್ತು ನಿಮಿಷದ ಹಿಂದೆ ಮಾಡಿದ ಪ್ರಮಾಣದ ವಾರ್ನಿಷ್ ಅಂಗೈಗೆ ಇನ್ನೂ ಅಂಟಿಕೊಂಡಿತ್ತು. ಆದರೆ ಸ್ವತಃ ಸ್ಥಾಪಕರ ಹೆಂಡತಿಯ ಮಾತು ಮಂಡಳಿಯ ನಿರ್ಣಯಕ್ಕಿಂತ ಮೇಲಿನದೆಂದು ಪಾಲಕರು ತೀರ್ಮಾನಿಸಿದರು. ಒಳಗಿನವರಿಗೆ ಕೇಳದಂತೆ ಬಗ್ಗಿ, ಇಲಾಖೆಯ ದನಿಯಲ್ಲಿ ಅಲ್ಲ, ಬೇಡುವವನ ದನಿಯಲ್ಲಿ ಹೇಳಿದರು:

"ತೊಳೆದುಕೊಡ್ತೀನಿ ನೇನಿ. ಆದ್ರೆ ಬೂದಿ ಬೇಕಲ್ಲ. ನಿಮ್ಮ ಒಲೆಯಿಂದ ಇನ್ನೊಂದು ಒಂದೂಕಾಲು ಗ್ರಾಂ ಕೊಡ್ತೀರಾ?"

"ಒಲೆ ಎಲ್ಲಿದೆ ಮಗು?" ಎಂದರು ಹೆರ್ಮಿನಾ ನೇನಿ. "ಅವರು ಹೋದ ಮರುವರ್ಷವೇ ನಮ್ಮನೆಗೆ ಗ್ಯಾಸು ಬಂತು."